ಮಟ್ಟ ಎಷ್ಟು ಎನ್ನುವ ಮೊದಲು ವಾರ ಯಾವುದು: ಹಾರ್ಮೋನು ಪಾಠದಲ್ಲಿ ಅವಧಿಪೂರ್ವ ಹೆರಿಗೆ

ಹತ್ತನೇ ತರಗತಿಯ ಹಾರ್ಮೋನು ಪಾಠ ನಮ್ಮಲ್ಲಿ ಬಹುಮಟ್ಟಿಗೆ ಒಂದು ಕೋಷ್ಟಕದಲ್ಲಿ ಮುಗಿದುಹೋಗುತ್ತದೆ. ಗ್ರಂಥಿ, ಹಾರ್ಮೋನು, ಕಾರ್ಯ ಎಂದು ಮೂರು ಕಾಲಂ. ಪರೀಕ್ಷೆಗೆ ಅಷ್ಟೇ ಸಾಕು. ಆದರೆ ಆ ಕೋಷ್ಟಕದಲ್ಲಿ ಕಾಲಕ್ಕೆ ಜಾಗವಿಲ್ಲ. ಹಾರ್ಮೋನು ಎಷ್ಟಿದೆ ಎನ್ನುವುದಕ್ಕಿಂತ ಯಾವಾಗ ಅಷ್ಟಿದೆ ಎನ್ನುವುದೇ ಮುಖ್ಯವಾದ ಸಂದರ್ಭಗಳಿವೆ. ಅವುಗಳಲ್ಲಿ ಮಕ್ಕಳ ಮನೆಗೆ ಅತಿ ಹತ್ತಿರವಾದದ್ದು ಹೆರಿಗೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವನ್ನು ಹಾರ್ಮೋನಿನ ಮಟ್ಟ ನೋಡಿ ಮುಂಚಿತವಾಗಿ ಹೇಳಬಹುದೇ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು, ಕನಕಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಸಮಯದಲ್ಲಿ ನಾನು ಮೂರು ಅವಧಿಗಳ ಪಾಠ ಮಾಡಿದೆ. ತರಗತಿಯಲ್ಲಿ 40 ಮಕ್ಕಳು. ರಾಮನಗರ, ಚನ್ನಪಟ್ಟಣ, ಮಾಗಡಿ ಶಾಲೆಗಳಿಗೆ ಹೋಗಿದ್ದ ಸಹಪ್ರಶಿಕ್ಷಣಾರ್ಥಿಗಳಿಗೂ ಬಳಕೆಗೆ ಬರಲಿ ಎಂದು ಪಾಠ ಹೇಗೆ ಸಾಗಿತು, ಮಕ್ಕಳು ಎಲ್ಲಿ ನಿಂತರು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪೂರ್ವಜ್ಞಾನ ಎಲ್ಲಿದೆ

ನಮ್ಮ ಭಾಗದ ಮಕ್ಕಳಿಗೆ ಹಾರ್ಮೋನು ಎಂಬ ಪದ ಹೊಸದಿರಬಹುದು, ಅದರ ಕೆಲಸ ಹೊಸದಲ್ಲ. 40 ಮಕ್ಕಳಲ್ಲಿ 17 ಮಂದಿಯ ಮನೆಯಲ್ಲಿ ಹುಳ ಸಾಕುತ್ತಾರೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹೊಟ್ಟೆಬಾಕನಂತೆ ಸೊಪ್ಪು ತಿನ್ನುತ್ತದೆ, ಆಮೇಲೆ ಹಣ್ಣಾಗುತ್ತದೆ, ಆಗ ಚಂದ್ರಿಕೆಗೆ ಬಿಡಬೇಕು. ಇದನ್ನು ನಾನು ಹೇಳಲಿಲ್ಲ, ಅವರೇ ಹೇಳಿದರು. ನಾನು ಸೇರಿಸಿದ್ದು ಎರಡು ಹೆಸರು ಮಾತ್ರ. ಪ್ರತಿ ಜ್ವರಕ್ಕೂ ಕಾರಣ ಎಕ್ಡೈಸೋನ್ ಎಂಬ ಹಾರ್ಮೋನಿನ ಏರಿಕೆ. ಜೊತೆಯಲ್ಲಿ ಜುವೆನೈಲ್ ಹಾರ್ಮೋನು ಸಾಕಷ್ಟಿದ್ದರೆ ಹುಳ ಪೊರೆ ಬಿಟ್ಟು ಮತ್ತೆ ಹುಳವಾಗಿಯೇ ಉಳಿಯುತ್ತದೆ. ಕೊನೆಯ ಹಂತದಲ್ಲಿ ಆ ಎರಡನೆಯದು ಇಳಿದಿರುತ್ತದೆ. ಆಗ ಅದೇ ಎಕ್ಡೈಸೋನ್ ಏರಿದರೆ ಹುಳ ಗೂಡು ಕಟ್ಟುತ್ತದೆ.

"ಔಷಧಿ ಹೊಡೆದರೆ ಎಲ್ಲ ಒಟ್ಟಿಗೆ ಹಣ್ಣಾಗ್ತವೆ ಮಿಸ್" ಎಂದ ಒಬ್ಬ ಹುಡುಗ. ಅವನು ಹೇಳಿದ್ದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿದ 'ಸಂಪೂರ್ಣ'ದ ವಿಷಯ. ಸಸ್ಯಮೂಲದ ಎಕ್ಡೈಸೋನ್ ಮಾದರಿಯ ವಸ್ತು ಅದು. ಕೆಲವು ಹುಳ ಹಣ್ಣಾಗತೊಡಗಿದಾಗ ನೀರಿಗೆ ಬೆರೆಸಿ ಸೊಪ್ಪಿಗೆ ಸಿಂಪಡಿಸುತ್ತಾರೆ. ಎರಡು ದಿನ ಮುಂಚೆಯೇ ಹೊಡೆದರೆ ಏನಾಗುತ್ತದೆ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಗೂಡು ತೆಳ್ಳಗಾಗತ್ತೆ, ಮಾರ್ಕೆಟ್‌ನಲ್ಲಿ ರೇಟ್ ಸಿಗಲ್ಲ." ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಅಪ್ಪನ ಜೊತೆ ಕೂತು ಬಂದ ಮಗುವಿಗೆ, ಹಾರ್ಮೋನು ಅದೇ ಆದರೂ ದಿನ ತಪ್ಪಿದರೆ ಫಲಿತಾಂಶ ಬೇರೆ ಎಂಬುದನ್ನು ಬೇರೆ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ.

ಇಲ್ಲಿಂದ ಗರ್ಭಾವಸ್ಥೆಗೆ ದಾಟುವುದಕ್ಕೆ ವಿಜ್ಞಾನದ ಇತಿಹಾಸವೇ ಒಂದು ಸೇತುವೆ ಒದಗಿಸುತ್ತದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1929ರಲ್ಲಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ಹಾರ್ಮೋನನ್ನು ಶುದ್ಧರೂಪದಲ್ಲಿ ತೆಗೆದವರಲ್ಲಿ ಒಬ್ಬರು. 1934ರಲ್ಲಿ ಪ್ರೊಜೆಸ್ಟಿರಾನನ್ನು ಬೇರ್ಪಡಿಸಿದವರಲ್ಲೂ ಅವರಿದ್ದರು. ಅದೇ ಬುಟೆನಾಂಟ್ 1954ರಲ್ಲಿ ಪೀಟರ್ ಕಾರ್ಲ್‌ಸನ್ ಜೊತೆ 500 ಕೆ.ಜಿ. ರೇಷ್ಮೆ ಕೋಶಗಳಿಂದ 25 ಮಿಲಿಗ್ರಾಂ ಎಕ್ಡೈಸೋನ್ ತೆಗೆದರು. ಅರ್ಧ ಟನ್ ಕೋಶಕ್ಕೆ ಒಂದು ಚಿಟಿಕೆಗಿಂತ ಕಡಿಮೆ ಎಂದಾಗ ಮಕ್ಕಳು ಬಾಯಿ ಬಿಟ್ಟರು. ಹಾರ್ಮೋನಿನ ಪ್ರಮಾಣ ಎಷ್ಟು ಅಲ್ಪ ಎಂಬುದು ಮನಸ್ಸಿಗೆ ಇಳಿದದ್ದು ಆಗಲೇ.

ಕ್ಯಾಲೆಂಡರ್ ಚಟುವಟಿಕೆ

ಎರಡನೇ ಅವಧಿಯನ್ನು ಹಾರ್ಮೋನಿನಿಂದ ಅಲ್ಲ, ದಿನಾಂಕದಿಂದ ಶುರುಮಾಡಿದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಪೂರ್ಣ ಅವಧಿ 280 ದಿನ, ಅಂದರೆ 40 ವಾರ. 37 ವಾರ ತುಂಬುವ ಮೊದಲು ಆದದ್ದು ಅವಧಿಪೂರ್ವ ಹೆರಿಗೆ. ಕರಿಹಲಗೆಯ ಮೇಲೆ ಒಂದು ಲೆಕ್ಕ: ಕೊನೆಯ ಮುಟ್ಟು ಜನವರಿ 10. ಒಂಬತ್ತು ತಿಂಗಳು ಏಳು ದಿನ ಸೇರಿಸಿ. ಅಕ್ಟೋಬರ್ 17. 37 ವಾರ ತುಂಬುವುದು ಸೆಪ್ಟೆಂಬರ್ 26ಕ್ಕೆ. ಅದಕ್ಕಿಂತ ಮೊದಲು ಆದರೆ ದಿನ ತುಂಬಿಲ್ಲ.

ಆಮೇಲೆ ಗುಂಪಿಗೊಂದು ಚೀಟಿ ಕೊಟ್ಟೆ. ಅದರಲ್ಲಿ ದಿನಾಂಕ ಇರಲಿಲ್ಲ, ನಮ್ಮ ಹೆಂಗಸರು ಸಾಮಾನ್ಯವಾಗಿ ಹೇಳುವ ಮಾತಿತ್ತು. 'ಯುಗಾದಿ ಆಗಿ ಎಂಟು ದಿನಕ್ಕೆ', 'ಮಾಗಡಿ ರಂಗನಾಥಸ್ವಾಮಿ ತೇರಿನ ವಾರ', 'ರಾಮನಗರದ ಚಾಮುಂಡೇಶ್ವರಿ ಕರಗಕ್ಕೆ ಮುಂಚೆ', 'ಎರಡನೇ ಬೆಳೆ ಹುಳ ಚಂದ್ರಿಕೆಗೆ ಬಿಟ್ಟಾಗ'. ಮಕ್ಕಳು ಕ್ಯಾಲೆಂಡರ್ ಹಿಡಿದು ದಿನಾಂಕ ಹುಡುಕಿದರು. ಯುಗಾದಿಯ ಗುಂಪು ಎರಡು ನಿಮಿಷದಲ್ಲಿ ಮುಗಿಸಿತು. ತೇರಿನ ಗುಂಪಿಗೆ ಒಂದು ವಾರದ ಅಂತರ ಉಳಿಯಿತು. 'ಕರಗಕ್ಕೆ ಮುಂಚೆ' ಎಂದರೆ ಎಷ್ಟು ಮುಂಚೆ ಎಂದು ಆ ಗುಂಪಿನಲ್ಲಿ ಜಗಳವೇ ಆಯಿತು. ಹುಳದ ಗುಂಪಿನವರು ಯಾರ ಮನೆಯ ಬೆಳೆ ಎಂದು ಕೇಳಿದರು. ಹಬ್ಬಗಳು ಚಾಂದ್ರಮಾನದವು, ವರ್ಷ ವರ್ಷ ಜರುಗುತ್ತವೆ ಎಂಬುದನ್ನು ಒಬ್ಬಳು ಹುಡುಗಿ ತಾನಾಗಿಯೇ ಎತ್ತಿ ಹೇಳಿದಳು.

ಈ ಚಟುವಟಿಕೆಯ ಉದ್ದೇಶ ಹೆಂಗಸರ ನೆನಪನ್ನು ಗೇಲಿ ಮಾಡುವುದಲ್ಲ. ದಿನಾಂಕದಲ್ಲಿ ಮೂರು ವಾರ ಆಚೀಚೆಯಾದರೆ 38 ವಾರದ ಮಗು 35 ವಾರದ್ದಾಗಿ ಕಾಣುತ್ತದೆ, 35ರದ್ದು 38 ಆಗುತ್ತದೆ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಬರೆಯುವ ಆ ಒಂದು ಖಾನೆ ಅಷ್ಟು ಭಾರ ಹೊತ್ತಿದೆ. ಆಶಾ ಕಾರ್ಯಕರ್ತೆ ಆ ದಿನಾಂಕವನ್ನು ಮತ್ತೆ ಮತ್ತೆ ಕೇಳುವುದೂ, ಮೊದಲ ಮೂರು ತಿಂಗಳಲ್ಲೇ ಒಂದು ಸ್ಕ್ಯಾನ್ ಆಗಲಿ ಎಂದು ವೈದ್ಯರು ಹೇಳುವುದೂ ಇದಕ್ಕೇ. ಆರಂಭದಲ್ಲಿ ಭ್ರೂಣಗಳ ಬೆಳವಣಿಗೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿರುತ್ತದೆ, ಆದ್ದರಿಂದ ಅಳತೆಯಿಂದ ವಯಸ್ಸು ಹೇಳಬಹುದು. ತಿಂಗಳುಗಳು ಕಳೆದಂತೆ ಮಗುವಿನಿಂದ ಮಗುವಿಗೆ ಗಾತ್ರ ಬದಲಾಗುತ್ತದೆ, ಲೆಕ್ಕ ಸಡಿಲವಾಗುತ್ತದೆ.

ಇಲ್ಲಿಯೇ ಆ ಮಾತು ಬಂತು: "ಏಳು ತಿಂಗಳದ್ದು ಉಳಿಯತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಅಂತಾರೆ ಮಿಸ್ ನಮ್ಮಜ್ಜಿ." ಅರ್ಧ ತರಗತಿ ತಲೆಯಾಡಿಸಿತು. ಈ ನಂಬಿಕೆ ಹಳೆಯದು, ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ನಾನು ಅಜ್ಜಿಯ ಮಾತು ಸುಳ್ಳು ಎಂದು ಹೇಳಿ ಮುಂದೆ ಹೋಗಲಿಲ್ಲ. ಗರ್ಭದೊಳಗೆ ಶ್ವಾಸಕೋಶ ಯಾವ ವಾರದಲ್ಲಿ ಎಷ್ಟು ಸಿದ್ಧವಾಗಿರುತ್ತದೆ ಎಂಬ ಚಾರ್ಟನ್ನು ತೂಗುಹಾಕಿ, 28ನೇ ವಾರದ ಮಗು, 34ನೇ ವಾರದ ಮಗು ಇಬ್ಬರಲ್ಲಿ ಯಾರಿಗೆ ಉಸಿರಾಟ ಸುಲಭ ಎಂದು ಅವರನ್ನೇ ಕೇಳಿದೆ. ಪ್ರತಿ ವಾರವೂ ಮಗುವಿಗೆ ಲಾಭವೇ. ಎಂಟನೇ ತಿಂಗಳು ಏಳನೆಯದಕ್ಕಿಂತ ಕೆಟ್ಟದ್ದಾಗಲು ಶರೀರದಲ್ಲಿ ಯಾವ ಕಾರಣವೂ ಇಲ್ಲ. ಈ ನಂಬಿಕೆಯಿಂದ ಕೆಡುಕಾಗುವುದು ಎಂಟು ತಿಂಗಳ ಮಗು ಹುಟ್ಟಿದ ಮನೆಯಲ್ಲಿ. ಉಳಿಯುವುದಿಲ್ಲ ಎಂದುಕೊಂಡವರು ಆಸ್ಪತ್ರೆಗೆ ಓಡುವುದು ತಡವಾಗುತ್ತದೆ.

ಏರುವ ಗೆರೆ

ಹಾರ್ಮೋನಿಗೆ ಬಂದದ್ದು ಇದರ ನಂತರ. ಗರ್ಭ ನಿಲ್ಲಲು ಪ್ರೊಜೆಸ್ಟಿರಾನ್ ಬೇಕು, ಅದು ಗರ್ಭಕೋಶದ ಸ್ನಾಯುವನ್ನು ಶಾಂತವಾಗಿಡುತ್ತದೆ ಎಂದು ಪಠ್ಯದ ಆಧಾರದಲ್ಲಿ ಮಕ್ಕಳು ಹೇಳಬಲ್ಲರು. ಹಾಗಾದರೆ ಹೆರಿಗೆಗೆ ಮುಂಚೆ ಪ್ರೊಜೆಸ್ಟಿರಾನ್ ಇಳಿಯಬೇಕು, ರಕ್ತದಲ್ಲಿ ಅದನ್ನು ಅಳೆದರೆ ಹೆರಿಗೆ ಯಾವಾಗ ಎಂದು ಗೊತ್ತಾಗಬೇಕು. ತರ್ಕ ಸರಿಯಾಗಿದೆ, ಕುರಿಯಲ್ಲಿ ನಡೆಯುವುದೂ ಹಾಗೆಯೇ. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ 1960ರ ದಶಕದಲ್ಲಿ ತೋರಿಸಿದಂತೆ, ಮರಿಯ ಅಡ್ರಿನಲ್ ಗ್ರಂಥಿಯಿಂದ ಬರುವ ಕಾರ್ಟಿಸಾಲ್ ಕುರಿಯಲ್ಲಿ ಹೆರಿಗೆಗೆ ಚಾಲನೆ ಕೊಡುತ್ತದೆ, ತಾಯಿಯ ಪ್ರೊಜೆಸ್ಟಿರಾನ್ ಇಳಿಯುತ್ತದೆ. ಮನುಷ್ಯರಲ್ಲಿ ಹಾಗಿಲ್ಲ. ಹೆರಿಗೆ ನೋವು ಶುರುವಾದಾಗಲೂ ತಾಯಿಯ ರಕ್ತದಲ್ಲಿ ಪ್ರೊಜೆಸ್ಟಿರಾನ್ ಹೆಚ್ಚೇ ಇರುತ್ತದೆ. ಬದಲಾಗುವುದು ಗರ್ಭಕೋಶ ಅದಕ್ಕೆ ಓಗೊಡುವ ರೀತಿ. ರಕ್ತದ ಸೀಸೆಯಲ್ಲಿ ಅದು ಕಾಣುವುದಿಲ್ಲ. ಮಟ್ಟ ಅಳೆದರೆ ಕೆಲಸ ಗೊತ್ತಾಗುತ್ತದೆ ಎಂಬ ಊಹೆ ಇಲ್ಲಿ ಮುರಿಯುತ್ತದೆ. ನನ್ನ ಪ್ರಕಾರ ಇಡೀ ಘಟಕದಲ್ಲಿ ಇದಕ್ಕಿಂತ ಒಳ್ಳೆಯ ಕಲಿಕಾ ಕ್ಷಣ ಇನ್ನೊಂದಿಲ್ಲ.

ಹಾಗಾದರೆ ಯಾವುದು ಏರುತ್ತದೆ? ಆಸ್ಟ್ರೇಲಿಯದ ನ್ಯೂಕ್ಯಾಸಲ್‌ನಲ್ಲಿ ರೋಜರ್ ಸ್ಮಿತ್ ಮತ್ತು ಸಂಗಡಿಗರು 485 ಗರ್ಭಿಣಿಯರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ. ಜರಾಯು, ನಮ್ಮೂರಿನ ಮಾತಿನಲ್ಲಿ ಮಾಸು, ಸಿಆರ್‌ಎಚ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ತಾಯಿಯ ರಕ್ತದಲ್ಲಿ ಅದು ವಾರ ಕಳೆದಂತೆ ಏರುತ್ತದೆ, ಕೊನೆಕೊನೆಗೆ ಕಡಿದಾಗಿ. ದಿನ ತುಂಬುವ ಮೊದಲೇ ಹೆತ್ತವರಲ್ಲಿ ಆ ಗೆರೆ ಮೊದಲಿನಿಂದಲೂ ಮೇಲಿತ್ತು, ತಡವಾಗಿ ಹೆತ್ತವರಲ್ಲಿ ಕೆಳಗಿತ್ತು. ಅವರು ಇದನ್ನು ಜರಾಯುವಿನ ಗಡಿಯಾರ ಎಂದು ಕರೆದರು.

ಹಿಮ್ಮಾಹಿತಿ ನಿಯಂತ್ರಣವನ್ನು ಸಕ್ಕರೆ ಮತ್ತು ಇನ್ಸುಲಿನ್ ಉದಾಹರಣೆಯಿಂದ ಕಲಿಸಿದ ಮೇಲೆ ಈ ಹಾರ್ಮೋನು ತುಂಬ ಉಪಯುಕ್ತ. ಮೆದುಳಿನಲ್ಲಿ ಕಾರ್ಟಿಸಾಲ್ ಹೆಚ್ಚಾದರೆ ಸಿಆರ್‌ಎಚ್ ಕಡಿಮೆಯಾಗುತ್ತದೆ. ಜರಾಯುವಿನಲ್ಲಿ ಕಾರ್ಟಿಸಾಲ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೊದಲನೆಯದು ಓವರ್‌ಹೆಡ್ ಟ್ಯಾಂಕ್ ತುಂಬಿದಾಗ ತಾನಾಗಿ ನಿಲ್ಲುವ ಮೋಟಾರಿನ ಹಾಗೆ. ಎರಡನೆಯದು ನೀರು ಏರಿದಷ್ಟೂ ಜೋರಾಗುವ ಮೋಟಾರು. ಗೆರೆ ಕಡಿದಾಗುವುದು ಯಾಕೆ ಎಂದು ಮಕ್ಕಳಿಗೆ ಇದರಿಂದ ಗೊತ್ತಾಯಿತು.

ಗ್ರಾಫ್ ಹಾಳೆಯ ಮೇಲೆ ಮೂರು ಏರುಗೆರೆ ಎಳೆಸಿದೆ. ಅಡ್ಡಕ್ಕೆ ವಾರ, ನೇರಕ್ಕೆ ಮಟ್ಟ. ಸಂಖ್ಯೆಗಳು ನಾನೇ ಇಟ್ಟುಕೊಂಡವು, ಆಕಾರ ಮಾತ್ರ ಅಧ್ಯಯನದ್ದು. ಆಮೇಲೆ ಒಂದೇ ಎತ್ತರದಲ್ಲಿ ಅಡ್ಡಗೆರೆ ಹಾಕಿ ಕೇಳಿದೆ: ಈ ಮಟ್ಟ ಇರುವ ಹೆಂಗಸಿಗೆ ಅಪಾಯ ಇದೆಯೇ? ಅಡ್ಡಗೆರೆ ಮೂರು ಗೆರೆಗಳನ್ನು ಮೂರು ಬೇರೆ ವಾರಗಳಲ್ಲಿ ಕತ್ತರಿಸಿತ್ತು. 32ನೇ ವಾರಕ್ಕೆ ಸಹಜವಾದ ಮಟ್ಟ 24ನೇ ವಾರಕ್ಕೆ ಎಚ್ಚರಿಕೆ. ವಾರ ಗೊತ್ತಿಲ್ಲದೆ ಉತ್ತರವಿಲ್ಲ. ಕ್ಯಾಲೆಂಡರ್ ಚಟುವಟಿಕೆ ಮೊದಲೇ ಆಗಿದ್ದರಿಂದ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಣಿ ಚಟುವಟಿಕೆ

ಗಡಿಯಾರ ಸಿಕ್ಕಿತು ಎಂದ ಮೇಲೆ ಎಲ್ಲ ಆಸ್ಪತ್ರೆಯಲ್ಲೂ ಈ ಪರೀಕ್ಷೆ ಯಾಕಿಲ್ಲ ಎಂಬ ಪ್ರಶ್ನೆ ಬರಬೇಕು, ಬಂತು. ಇಂಥ ಪರೀಕ್ಷೆ ಮಾರುಕಟ್ಟೆಗೂ ಬಂದಿತ್ತು. ಈಸ್ಟ್ರಿಯಾಲ್ ಎಂಬ ಹಾರ್ಮೋನಿನ ಕಚ್ಚಾವಸ್ತು ಮಗುವಿನ ಶರೀರದಿಂದ ಬರುತ್ತದೆ, ಜರಾಯು ಅದನ್ನು ಈಸ್ಟ್ರಿಯಾಲ್ ಆಗಿ ಬದಲಿಸುತ್ತದೆ. ಹೆರಿಗೆಗೆ ಕೆಲವು ವಾರ ಮುಂಚೆ ಅದು ಏರುತ್ತದೆ, ಜೊಲ್ಲಿನಲ್ಲೂ ಸಿಗುತ್ತದೆ. ಜೊಲ್ಲಿನ ಈಸ್ಟ್ರಿಯಾಲ್ ಪರೀಕ್ಷೆಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಸೂಜಿ ಬೇಡ, ಸುಲಭ. ಆದರೂ ಅದು ನಿಲ್ಲಲಿಲ್ಲ. ಸುಳ್ಳು ಎಚ್ಚರಿಕೆಗಳು ತೀರ ಹೆಚ್ಚು. ಸಿಆರ್‌ಎಚ್ ಕಥೆಯೂ ಅಷ್ಟೆ. ಗುಂಪುಗಳ ಸರಾಸರಿ ಬೇರೆ ಬೇರೆ ಇದ್ದರೂ, ಒಬ್ಬೊಬ್ಬರ ಮಟ್ಟಗಳು ಒಂದರ ಮೇಲೊಂದು ಬೀಳುತ್ತವೆ.

ಈ ಕೊನೆಯ ವಾಕ್ಯವನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ಅದಕ್ಕೆ ಚನ್ನಪಟ್ಟಣದ ಅರಗಿನ ಮಣಿಗಳು. 10 ಕೆಂಪು, 90 ಹಸಿರು. ಕೆಂಪು ಅಂದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವವರು. ಜಗತ್ತಿನಲ್ಲಿ ಸುಮಾರು ಹತ್ತು ಮಕ್ಕಳಲ್ಲಿ ಒಂದು ಹಾಗೆ ಹುಟ್ಟುತ್ತದೆ, 2020ರ ಅಂದಾಜಿನಂತೆ 1 ಕೋಟಿ 34 ಲಕ್ಷ, ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ. ಈಗ ಒಂದು ಕಾಲ್ಪನಿಕ ಪರೀಕ್ಷೆ. ಅದು 10 ಕೆಂಪಿನಲ್ಲಿ 6ನ್ನು ಹಿಡಿಯುತ್ತದೆ, 90 ಹಸಿರಿನಲ್ಲಿ 18ಕ್ಕೆ ಸುಮ್ಮನೆ ಎಚ್ಚರಿಕೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಚ್ಚರಿಕೆ ಬಂದ ಮಣಿಗೆ ದಾರ ಕಟ್ಟಿ. ದಾರ ಕಟ್ಟಿದ 24 ಮಣಿಗಳನ್ನು ಚೀಲಕ್ಕೆ ಹಾಕಿ, ಕಣ್ಣುಮುಚ್ಚಿ ಒಂದನ್ನು ತೆಗೆಯಿರಿ, ಬರೆದುಕೊಂಡು ವಾಪಸು ಹಾಕಿ.

ಶುರುವಿಗೆ ಮುಂಚೆ ಎಷ್ಟು ಕೆಂಪು ಬರುತ್ತದೆ ಎಂದು ಊಹಿಸಲು ಹೇಳಿದ್ದೆ. ಹೆಚ್ಚಿನವರು ಅರ್ಧಕ್ಕಿಂತ ಜಾಸ್ತಿ ಎಂದಿದ್ದರು. 40 ಸಲ ತೆಗೆದದ್ದರಲ್ಲಿ ಬಂದದ್ದು 11. ದಾರ ಇಲ್ಲದ 76 ಮಣಿಗಳಲ್ಲೂ 4 ಕೆಂಪು ಇವೆ ಎಂಬುದನ್ನು ಒಬ್ಬ ಹುಡುಗ ಎಣಿಸಿ ತೋರಿಸಿದ: "ಇವರಿಗೆ ಏನೂ ಇಲ್ಲ ಅಂತ ಹೇಳಿ ಕಳಿಸಿರ್ತಾರಲ್ಲ ಮಿಸ್." ಹೌದು. ಪರೀಕ್ಷೆ ನೂರಕ್ಕೆ ಹತ್ತು ಇದ್ದ ಅಪಾಯವನ್ನು ದಾರ ಕಟ್ಟಿದವರಲ್ಲಿ ನೂರಕ್ಕೆ ಇಪ್ಪತ್ತೈದು ಮಾಡಿತು, ಕಟ್ಟದವರಲ್ಲಿ ಸುಮಾರು ಐದು ಮಾಡಿತು. ಹೌದು ಅಥವಾ ಇಲ್ಲ ಎಂದು ಹೇಳಲಿಲ್ಲ. ಚನ್ನಪಟ್ಟಣದ ಶಾಲೆಯೊಂದರಲ್ಲಿ ಇದನ್ನೇ ಮಾಡಿದ ಸಹಪ್ರಶಿಕ್ಷಣಾರ್ಥಿಗೆ 40ರಲ್ಲಿ 8 ಬಂತಂತೆ. ಎರಡೂ ಶಾಲೆಗಳ ಸಂಖ್ಯೆಯನ್ನು ಪಕ್ಕಪಕ್ಕ ಬರೆದು ಸಂಭವನೀಯತೆಯ ಗಣಿತ ಪಾಠಕ್ಕೆ ಕೊಂಡಿ ಹಾಕಬಹುದು.

ಈ ಅವಧಿಯ ನಡುವೆ ಒಬ್ಬಳು ಹುಡುಗಿ ತನ್ನ ಅತ್ತಿಗೆಯ ವಿಷಯ ಹೇಳಿದಳು. ಏಳು ತಿಂಗಳಿಗೇ ಹೆರಿಗೆಯಾಗಿದೆ, ಸೊಪ್ಪು ಕೊಯ್ಯಲು ಹೋಗಿದ್ದಕ್ಕೆ ಹೀಗಾಯಿತು ಎಂದು ಮನೆಯವರೆಲ್ಲ ಅತ್ತಿಗೆಯನ್ನೇ ಅನ್ನುತ್ತಾರೆ. "ಅವಳದ್ದೇ ತಪ್ಪಾ ಮಿಸ್?" ತರಗತಿ ನಿಶ್ಶಬ್ದವಾಯಿತು. ಅವಳ ಅತ್ತಿಗೆಗೆ ಏನಾಗಿತ್ತು ಎಂದು ಹೇಳಲು ನಾನು ವೈದ್ಯೆಯಲ್ಲ, ಮನೆಯ ವಿವರ ಕೆದಕುವುದೂ ತರವಲ್ಲ. ಕೆಂಪು ಮಣಿಯೊಂದನ್ನು ಕೈಯಲ್ಲಿ ಹಿಡಿದು, ಇದಕ್ಕೆ ಕೆಂಪು ಬಣ್ಣ ಯಾಕೆ ಬಂತು ಎಂದು ಒಂದು ಕಾರಣ ಹೇಳಲು ಎಷ್ಟೋ ಸಲ ವೈದ್ಯರಿಗೂ ಆಗುವುದಿಲ್ಲ ಎಂದೆ. ಸೋಂಕು, ರಕ್ತದೊತ್ತಡ, ಅವಳಿ ಮಕ್ಕಳು, ಹಿಂದೆಯೂ ದಿನ ತುಂಬದೆ ಆದ ಹೆರಿಗೆ, ಗರ್ಭಕಂಠ ಗಿಡ್ಡವಾಗಿರುವುದು, ತೀರ ಚಿಕ್ಕ ವಯಸ್ಸಿನ ಗರ್ಭ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಇವು ಒಂದೂ ಇಲ್ಲದವರಿಗೂ ಆಗುತ್ತದೆ. ಒಂದು ದಿನದ ಕೆಲಸವನ್ನು ಬೊಟ್ಟುಮಾಡಿ ಇದರಿಂದಲೇ ಆಯಿತು ಎನ್ನಲು ಆಧಾರವಿಲ್ಲ. ಅವಳು ಕೂತಳು. ಪಾಠ ಮುಂದುವರಿಯಿತು.

ಹುಡುಗರು ಹುಡುಗಿಯರನ್ನು ಬೇರೆ ಕೂರಿಸಿ ಮಾಡಬಹುದಿತ್ತಲ್ಲ ಎಂದು ಅವಲೋಕನದ ನಂತರ ಕೆಲವರು ಕೇಳಿದರು. ನನಗೆ ಹಾಗನ್ನಿಸುವುದಿಲ್ಲ. ಅತ್ತಿಗೆಯನ್ನು ಅನ್ನುವ ಮನೆಯಲ್ಲಿ ಗಂಡಸರೂ ಇರುತ್ತಾರೆ. ಅರ್ಧ ರಾತ್ರಿಯಲ್ಲಿ ಗಾಡಿ ಹೊರಡಿಸುವವರೂ ಬಹುಮಟ್ಟಿಗೆ ಅವರೇ.

ಮುನ್ಸೂಚನೆ ಯಾತಕ್ಕೆ

ಹುಳಕ್ಕೆ ಇರುವ ಹಾಗೆ ಮನುಷ್ಯರಿಗೂ ಔಷಧಿ ಇದೆಯೇ ಎಂದು ಕೇಳಿದ ಹುಡುಗನಿಗೆ ಇರುವುದನ್ನೇ ಹೇಳಿದೆ. ಪ್ರೊಜೆಸ್ಟಿರಾನ್ ಮಾದರಿಯ ಒಂದು ಚುಚ್ಚುಮದ್ದು 2003ರ ಅಧ್ಯಯನದಲ್ಲಿ ಫಲಕಾರಿ ಎಂದು ಕಂಡಿತ್ತು. 2019ರಲ್ಲಿ ಪ್ರಕಟವಾದ ಅದಕ್ಕಿಂತ ದೊಡ್ಡ ಅಧ್ಯಯನದಲ್ಲಿ ಆ ಫಲ ಕಾಣಲಿಲ್ಲ, 2023ರಲ್ಲಿ ಅಮೆರಿಕ ಅದರ ಅನುಮತಿ ವಾಪಸು ಪಡೆಯಿತು. ಗರ್ಭಕಂಠ ಗಿಡ್ಡವಾಗಿದೆ ಎಂದು ಸ್ಕ್ಯಾನಿನಲ್ಲಿ ಕಂಡವರಿಗೆ ಯೋನಿಯ ಮೂಲಕ ಕೊಡುವ ಪ್ರೊಜೆಸ್ಟಿರಾನ್ ಇಂದಿಗೂ ಬಳಕೆಯಲ್ಲಿದೆ. ವಿಜ್ಞಾನ ತನ್ನ ಮಾತನ್ನೇ ತಿದ್ದಿಕೊಂಡದ್ದು ಮಕ್ಕಳಿಗೆ ಇಷ್ಟವಾಗುತ್ತದೆ ಎಂದು ನನಗೆ ಅಂದಾಜಿರಲಿಲ್ಲ.

ಹೆರಿಗೆಯನ್ನು ತಡೆಯಲಾಗದಿದ್ದರೂ ಮಗುವನ್ನು ಸಿದ್ಧಪಡಿಸಬಹುದು. ಅದೇ ಲಿಗ್ಗಿನ್ಸ್, ಕಾರ್ಟಿಸಾಲ್ ಮಾದರಿಯ ಹಾರ್ಮೋನು ಕೊಟ್ಟಾಗ ದಿನ ತುಂಬದೆ ಹುಟ್ಟಿದ ಕುರಿಮರಿಗಳು ನಿರೀಕ್ಷೆ ಮೀರಿ ಉಸಿರಾಡಿದ್ದನ್ನು ಗಮನಿಸಿದ್ದರು. 1972ರಲ್ಲಿ ರಾಸ್ ಹೋವಿ ಜೊತೆ ತಾಯಂದಿರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ನೋವು ಬಂದ ತಾಯಿಗೆ 24ರಿಂದ 34 ವಾರದ ನಡುವೆ ಕೊಡುವ ಡೆಕ್ಸಾಮೆಥಸೋನ್ ಈ ದಾರಿಯಲ್ಲಿ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆಸ್ಪತ್ರೆಗಳಲ್ಲಿ 2,852 ತಾಯಂದಿರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಪಾಲ್ಗೊಂಡಿತ್ತು. ಚುಚ್ಚುಮದ್ದು ಪಡೆದವರಲ್ಲಿ ನವಜಾತ ಶಿಶುಗಳ ಮರಣ ಶೇ. 19.6, ಪಡೆಯದವರಲ್ಲಿ ಶೇ. 23.5. ನೂರಕ್ಕೆ ಸುಮಾರು ನಾಲ್ಕು ಮಕ್ಕಳ ವ್ಯತ್ಯಾಸ. ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲು ಗರ್ಭದ ವಾರವನ್ನು ಸ್ಕ್ಯಾನ್ ಮೂಲಕ ಖಚಿತಪಡಿಸಬೇಕಿತ್ತು. ಇಲ್ಲೂ ವಾರವೇ ಮೊದಲು. ದಾರ ಕಟ್ಟಿದ ಮಣಿಯಿಂದ ಸಿಗುವ ಪ್ರಯೋಜನ ಇದು: ಆ ತಾಯಿ ನವಜಾತ ಶಿಶು ಘಟಕವಿರುವ ಆಸ್ಪತ್ರೆಯ ಹತ್ತಿರ ಇರಬಹುದು, ಚುಚ್ಚುಮದ್ದು ಸಮಯಕ್ಕೆ ಸಿಗಬಹುದು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ. ಇಬ್ಬರು ಗರ್ಭಿಣಿಯರ ರಕ್ತದಲ್ಲಿ ಒಂದು ಹಾರ್ಮೋನಿನ ಮಟ್ಟ ಒಂದೇ ಇದೆ. ಯಾರಿಗೆ ಅಪಾಯ ಹೆಚ್ಚು ಎಂದು ಹೇಳಲು ನೀವು ಇನ್ನೇನು ಕೇಳುತ್ತೀರಿ? 31 ಮಕ್ಕಳು ವಾರ ಎಷ್ಟು ಎಂದು ಬರೆದರು. 14 ಮಕ್ಕಳು ಅದರ ಜೊತೆಗೆ ಹಿಂದಿನ ಹೆರಿಗೆಯ ಬಗ್ಗೆಯೂ ಕೇಳಿದರು. 6 ಮಂದಿ ಮಟ್ಟ ಒಂದೇ ಇರುವುದರಿಂದ ಅಪಾಯವೂ ಒಂದೇ ಎಂದರು. ಅವರೊಂದಿಗೆ ಗ್ರಾಫನ್ನು ಮತ್ತೆ ಬಿಡಿಸಿದೆ. ಉಳಿದ ಮೂವರಲ್ಲಿ ಒಬ್ಬಳು ಹಾರ್ಮೋನನ್ನೂ ವಾರವನ್ನೂ ಬಿಟ್ಟು, ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ಎಂದು ಕೇಳಿದ್ದಳು. ಉತ್ತರಸೂಚಿಯಲ್ಲಿ ಅದಕ್ಕೆ ಅಂಕ ಇರಲಿಲ್ಲ, ಸೇರಿಸಿದೆ.

ಮಣಿಗಳ ಚೀಲ, ದಾರ ಮತ್ತು ಹಬ್ಬದ ಚೀಟಿಗಳು ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಬೋಧನೋಪಕರಣಗಳ ಕಪಾಟಿನಲ್ಲಿವೆ. ಮಾಗಡಿ ಕಡೆ ಹೋಗುವವರು ಚೀಟಿಯ ಹಬ್ಬಗಳನ್ನು ಊರಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ಹಸಿರು ಮಣಿ ಎರಡು ಕಳೆದಿವೆ, ಎಣಿಸಿ ಶುರುಮಾಡಿ.